ತಾಯಂದಿರ ಮೌನ ವ್ಯಥೆಗೆ ಮದ್ದುಂಟು

ಮಹಿಳಾ ಆರೋಗ್ಯ

ನಮ್ಮ ಸಮಾಜದ ಅನೇಕ ಮನೆಗಳಲ್ಲಿ ನಡುವಯಸ್ಸು ದಾಟಿದ ತಾಯಂದಿರು ತಮಗೆ ಪ್ರಿಯವಾದ ಸಂಗತಿಗಳನ್ನು ಒಂದೊಂದಾಗಿ ಬಿಡುತ್ತ ಬರುವುದನ್ನು ಕಾಣುತ್ತೇವೆ. ಮೊದಲು ದೂರದ ಬಸ್ ಪ್ರಯಾಣ ನಿಲ್ಲುತ್ತದೆ. ಅನಂತರ ಶ್ರಾವಣಮಾಸದ ಪ್ರವಚನಕ್ಕೆ ಮಠಕ್ಕೆ ಹೋಗುವುದು ತಪ್ಪುತ್ತದೆ. ಜಾತ್ರೆಯಿರಲಿ, ನೆಂಟರ ಮನೆಯ ಮದುವೆಯಿರಲಿ, "ನೀವು ಹೋಗಿ ಬನ್ನಿ, ಮನೆ ಕಾಯಲು ಯಾರಾದರೂ ಬೇಕಲ್ಲ" ಎನ್ನುತ್ತಾರೆ. ಕಾರಣ ಕೇಳಿದರೆ ಮೊಣಕಾಲು ನೋವಿನ ಮಾತು ಬರುತ್ತದೆ. ಆದರೆ ನಿಜವಾದ ಕಾರಣ ಎಷ್ಟೋ ಸಲ ಬೇರೆಯೇ ಆಗಿರುತ್ತದೆ. ಕೆಮ್ಮಿದರೆ, ಸೀನಿದರೆ, ನಕ್ಕರೆ ಮೂತ್ರ ಸೋರುತ್ತದೆ. ಅಥವಾ ಗರ್ಭಕೋಶ ಕೆಳಗೆ ಜಾರಿ, ಕೂತರೂ ನಿಂತರೂ ಏನೋ ಹೊರಬಂದಂತಾಗುತ್ತದೆ. ಈ ಮಾತನ್ನು ಪತಿಯ ಮುಂದಾಗಲಿ, ಹೆತ್ತ ಮಗಳ ಮುಂದಾಗಲಿ ಆಡಲು ನಾಲಿಗೆ ಏಳುವುದಿಲ್ಲ. ಹೀಗೆ ಹತ್ತು, ಇಪ್ಪತ್ತು ವರ್ಷಗಳನ್ನು ಮೌನದಲ್ಲಿಯೇ ಕಳೆದುಬಿಡುವ ಮಾತೆಯರು ಕಡಿಮೆಯಿಲ್ಲ. ಈ ವ್ಯಥೆಗೆ ಮದ್ದುಂಟು, ಇದಕ್ಕೆಂದೇ ತರಬೇತಾದ ವೈದ್ಯರೂ ಉಂಟು ಎಂಬುದನ್ನು ಪ್ರತಿಯೊಂದು ಮನೆಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಈ ಮೌನಕ್ಕೆ ಎರಡು ತಪ್ಪು ನಂಬಿಕೆಗಳು ಮೂಲ. "ವಯಸ್ಸಾಯಿತು, ನಾಲ್ಕು ಹೆತ್ತ ಮೈ, ಇದು ಇದ್ದದ್ದೇ" ಎಂಬುದು ಮೊದಲನೆಯದು. ವಯಸ್ಸಿನೊಡನೆ ಈ ತೊಂದರೆ ಹೆಚ್ಚುವುದು ನಿಜ. ಆದರೆ ಹೆಚ್ಚಾಗಿ ಕಾಣುವುದೆಲ್ಲ ಸಹಜವೆಂದು ಹೇಳಲಾಗದು. ಕಣ್ಣಿನ ಪೊರೆಯೂ ವಯಸ್ಸಾದವರಲ್ಲಿ ಹೆಚ್ಚು. ಅದಕ್ಕೆ ನಾವು ಚಿಕಿತ್ಸೆ ಮಾಡಿಸುತ್ತೇವೆಯೇ ಹೊರತು ಕುರುಡಾಗಿ ಕೂಡುವುದಿಲ್ಲ. ಎರಡನೆಯ ನಂಬಿಕೆ ಇನ್ನೂ ಕಠೋರವಾದುದು. ಸೀರೆಯಲ್ಲಿ ಮೂತ್ರದ ಹನಿ ಬಿದ್ದಿತೆಂದು ತನ್ನನ್ನು ಮೈಲಿಗೆಯೆಂದು ಎಣಿಸಿ, ಇಷ್ಟಲಿಂಗ ಪೂಜೆಗೆ ಕೂಡಲು ಹಿಂಜರಿಯುವ, ಸಾಮೂಹಿಕ ಪ್ರಾರ್ಥನೆಯಲ್ಲಿ ಬಾಗಿಲ ಬಳಿಯೇ ನಿಲ್ಲುವ ತಾಯಂದಿರಿದ್ದಾರೆ.

12ನೆಯ ಶತಮಾನದ ಶರಣರು ಜನನ, ಮರಣ, ಜಾತಿ, ಉಚ್ಛಿಷ್ಟ, ರಜಸ್ಸು ಎಂಬ ಐದು ಸೂತಕಗಳನ್ನೂ ನಿರಾಕರಿಸಿದರೆಂಬುದು ನಮ್ಮ ಮಕ್ಕಳೂ ಅರಿತ ಸಂಗತಿ. ಹೆಣ್ಣಿನ ಮುಟ್ಟನ್ನೇ ಮೈಲಿಗೆಯೆನ್ನದ ಧರ್ಮದಲ್ಲಿ ಸ್ನಾಯುವಿನ ದೌರ್ಬಲ್ಯದಿಂದ ಸೋರಿದ ಹನಿ ಮೈಲಿಗೆಯಾದೀತು ಹೇಗೆ? ಬಟ್ಟೆ ಬದಲಿಸಿ, ಶುಚಿಯಾಗಿ ಪೂಜೆಗೆ ಕೂಡಬಹುದು. ಅದು ಕೇವಲ ನೈರ್ಮಲ್ಯದ ಮಾತು. ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಕೊಂಡ ವೈದ್ಯ ಸಂಗಣ್ಣನವರು ಶರಣರ ಸಾಲಿನಲ್ಲಿದ್ದಾರೆ. ಕಾಯಕ್ಕೆ ಬಂದ ರೋಗವನ್ನು ಮುಚ್ಚಿಡದೆ ಮದ್ದು ಮಾಡಿಸಿಕೊಳ್ಳುವುದು ಕಾಯಕಕ್ಕೆ ಸಲ್ಲಿಸುವ ಗೌರವವೇ ಸರಿ.

ತೊಂದರೆಯ ಮೂಲವೆಲ್ಲಿ?

ಸೊಂಟದ ಮೂಳೆಗಳು ಸೇರಿ ಒಂದು ಬೋಗುಣಿಯ ಆಕಾರವನ್ನು ಹೊಂದಿವೆ. ಆದರೆ ಈ ಬೋಗುಣಿಗೆ ಮೂಳೆಯ ತಳವಿಲ್ಲ. ಮುಂದಿನ ಮೂಳೆಯಿಂದ ಬೆನ್ನಿನ ಕೊನೆಯ ಬಾಲಮೂಳೆಯವರೆಗೆ ತೊಟ್ಟಿಲ ಬಟ್ಟೆಯಂತೆ ಹರಡಿಕೊಂಡ ಸ್ನಾಯುಗಳೇ ಅದರ ತಳ. ಇದನ್ನು ಶ್ರೋಣಿತಳವೆಂದೂ, ಆಸ್ಪತ್ರೆಗಳಲ್ಲಿ ಪೆಲ್ವಿಕ್ ಫ್ಲೋರ್ ಎಂದೂ ಕರೆಯುತ್ತಾರೆ. ಮುಂದುಗಡೆ ಮೂತ್ರಕೋಶ, ನಡುವೆ ಗರ್ಭಕೋಶ, ಹಿಂದೆ ಮಲಾಶಯ ಈ ಮೂರೂ ಈ ತೊಟ್ಟಿಲಲ್ಲಿ ನೆಲೆಗೊಂಡಿವೆ. ಮೂತ್ರ ಮತ್ತು ಮಲವನ್ನು ತಡೆದು ಹಿಡಿಯುವ ಶಕ್ತಿಯೂ ಬಹುಮಟ್ಟಿಗೆ ಈ ಸ್ನಾಯುಗಳದೇ. ತೊಟ್ಟಿಲ ಬಟ್ಟೆ ಸಡಿಲಾದರೆ ಒಳಗಿನ ಅಂಗಗಳು ಕೆಳಗಿಳಿಯುತ್ತವೆ, ಹಿಡಿತ ತಪ್ಪುತ್ತದೆ.

ಈ ಸಡಿಲಿಕೆಗೆ ಹೆರಿಗೆ ಮುಖ್ಯ ಕಾರಣ. ದೀರ್ಘಕಾಲದ ಪ್ರಸವ, ಇಕ್ಕಳ ಬಳಸಿ ಮಾಡಿಸಿದ ಹೆರಿಗೆ, ದೊಡ್ಡ ಶಿಶು, ಮೇಲಿಂದಮೇಲೆ ಹೆರಿಗೆ ಇವು ಸ್ನಾಯುಗಳನ್ನೂ ಅವುಗಳ ನರಗಳನ್ನೂ ಹಿಗ್ಗಿಸಿ ಘಾಸಿಗೊಳಿಸುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಅಲ್ಲಿನ ಅಂಗಾಂಶ ತೆಳುವಾಗುತ್ತದೆ. ಹೊಟ್ಟೆಯೊಳಗಿನ ಒತ್ತಡವನ್ನು ಪದೇ ಪದೇ ಹೆಚ್ಚಿಸುವ ಯಾವುದೇ ಅಭ್ಯಾಸವೂ ಹಾನಿಯನ್ನು ಬೆಳೆಸುತ್ತದೆ: ನೀರಿನ ಕೊಡ, ಹುಲ್ಲಿನ ಹೊರೆ ಹೊರುವುದು, ಒಲೆಯ ಹೊಗೆಯಿಂದ ಬಂದ ಹಳೆಯ ಕೆಮ್ಮು, ಮಲಬದ್ಧತೆಯಿಂದ ತಿಣುಕುವುದು, ಅತಿಯಾದ ಬೊಜ್ಜು. ಹೆತ್ತು ಕೆಲವೇ ವಾರಗಳಲ್ಲಿ ಹೊಲದ ಕೆಲಸಕ್ಕೆ ಇಳಿಯುವ ಹೆಣ್ಣುಮಕ್ಕಳಿಗೆ ಈ ಅಪಾಯ ಹೆಚ್ಚು.

ಹಲವು ರೂಪಗಳು

ಕೆಮ್ಮು, ಸೀನು, ನಗು, ಭಾರ ಎತ್ತುವಿಕೆ ಇವುಗಳ ಒತ್ತಡಕ್ಕೆ ಮೂತ್ರ ಸೋರುವುದು ಒಂದು ಬಗೆ. ಮೂತ್ರದ ಅವಸರ ಒಮ್ಮೆಲೇ ಬಂದು, ಬಚ್ಚಲು ಮುಟ್ಟುವಷ್ಟರಲ್ಲಿ ಸೋರಿಹೋಗುವುದು ಇನ್ನೊಂದು ಬಗೆ. ಇಲ್ಲಿ ಮೂತ್ರಕೋಶವು ತುಂಬುವ ಮುನ್ನವೇ ಸಂಕುಚಿಸುತ್ತದೆ. ಇವೆರಡೂ ಒಬ್ಬರಲ್ಲಿಯೇ ಕೂಡಿರುವುದೂ ಉಂಟು. ಗರ್ಭಕೋಶವಾಗಲಿ, ಮೂತ್ರಕೋಶ ಅಥವಾ ಮಲಾಶಯದ ಗೋಡೆಯಾಗಲಿ ಯೋನಿಯೊಳಕ್ಕೆ ಜಾರಿ ಬರುವುದು ಮೂರನೆಯದು. ಸಂಜೆಯ ಹೊತ್ತಿಗೆ ಕೆಳಹೊಟ್ಟೆ ಭಾರವಾಗುವುದು, ಸೊಂಟದ ಸೆಳೆತ, ಸ್ನಾನ ಮಾಡುವಾಗ ಕೈಗೆ ಗಂಟಿನಂತೆ ತಗಲುವುದು ಇದರ ಲಕ್ಷಣಗಳು. ವಾಯು ಅಥವಾ ಮಲದ ಮೇಲೆ ಹಿಡಿತ ತಪ್ಪುವುದು ನಾಲ್ಕನೆಯದು. ಹೆರಿಗೆಯಲ್ಲಿ ಗುದದ್ವಾರದವರೆಗೆ ಸೀಳು ಬಿದ್ದವರಲ್ಲಿ ಇದು ಕಾಣಬಹುದು.

ಬಗೆಯನ್ನು ಗುರುತಿಸದೆ ಮದ್ದು ಹೇಳಲಾಗದು. ಅವಸರದ ಸೋರಿಕೆಗೆ ಕೊಡುವ ಮಾತ್ರೆ ಕೆಮ್ಮಿದಾಗಿನ ಸೋರಿಕೆಗೆ ನಾಟುವುದಿಲ್ಲ. ಕೆಮ್ಮಿನ ಸೋರಿಕೆಗೆ ಮಾಡುವ ಶಸ್ತ್ರಚಿಕಿತ್ಸೆ ಅವಸರದ ಸೋರಿಕೆಯನ್ನು ಗುಣಪಡಿಸದು. ತಜ್ಞರ ಅವಶ್ಯಕತೆ ಇರುವುದು ಇದಕ್ಕಾಗಿಯೇ.

ಹೇಳದ ರೋಗ

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಡಾ. ರಾಣಿ ಬಂಗ್ ಮತ್ತು ಅವರ ಸಂಗಡಿಗರು 650 ಮಹಿಳೆಯರನ್ನು ಪರೀಕ್ಷಿಸಿ, 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಶೇ. 92ರಷ್ಟು ಮಂದಿಗೆ ಯಾವುದಾದರೊಂದು ಸ್ತ್ರೀರೋಗವಿತ್ತು. ಆದರೆ ಅದಕ್ಕೂ ಮೊದಲು ಸ್ತ್ರೀರೋಗ ತಪಾಸಣೆಗೆ ಒಳಗಾಗಿದ್ದವರು ಶೇ. 8 ಮಾತ್ರ. ಇದು ಎಲ್ಲ ಬಗೆಯ ಸ್ತ್ರೀರೋಗಗಳನ್ನೂ ಒಳಗೊಂಡ ಲೆಕ್ಕ. ಆದರೂ ನಮ್ಮ ಹೆಣ್ಣುಮಕ್ಕಳು ಎಷ್ಟನ್ನು ನುಂಗಿಕೊಂಡು ಬಾಳುತ್ತಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಯಾರ ಬಳಿ ಹೋಗಬೇಕು?

ಮೊದಲು ಕಾಣಬೇಕಾದವರು ಸ್ತ್ರೀರೋಗ ತಜ್ಞರು. ತೊಂದರೆ ಜಟಿಲವಾಗಿದ್ದರೆ, ಇಲ್ಲವೆ ಒಮ್ಮೆ ಶಸ್ತ್ರಚಿಕಿತ್ಸೆಯಾಗಿ ಮರುಕಳಿಸಿದ್ದರೆ, ಯುರೋಗೈನಕಾಲಜಿ ಎಂಬ ವಿಭಾಗದ ತಜ್ಞರನ್ನು ಕಾಣುವುದು ಲೇಸು. ಸ್ತ್ರೀರೋಗ ಮತ್ತು ಮೂತ್ರಾಂಗರೋಗ ಇವೆರಡರ ನಡುವಣ ಈ ವಿಶೇಷ ಶಾಸ್ತ್ರಕ್ಕೆ ಅಮೆರಿಕದಲ್ಲಿ 2011ರಲ್ಲಿ ಪ್ರತ್ಯೇಕ ಉಪವಿಭಾಗವೆಂಬ ಮಾನ್ಯತೆ ದೊರೆಯಿತು. ನಮ್ಮ ದೇಶದಲ್ಲಿಯೂ ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ ಇದರಲ್ಲಿ ತರಬೇತಾದವರಿದ್ದಾರೆ. ಇವರ ಜೊತೆಗೆ ಶ್ರೋಣಿತಳದ ವ್ಯಾಯಾಮವನ್ನು ಕಲಿಸುವ ಫಿಸಿಯೋಥೆರಪಿಸ್ಟರ ಪಾತ್ರವೂ ಹಿರಿದು.

ನಮ್ಮ ಸಮಾಜದ ಹಿರಿಯರು ಕಟ್ಟಿದ ಸಂಸ್ಥೆಗಳು ಈ ವಿಷಯದಲ್ಲಿ ನೆರವಾಗಬಲ್ಲವು. 1916ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ಕೆ.ಎಲ್.ಇ. ಸಂಸ್ಥೆ ಮತ್ತು ಮೈಸೂರಿನ ಜೆ.ಎಸ್.ಎಸ್. ಸಂಸ್ಥೆಗಳು ವೈದ್ಯಕೀಯ ಕಾಲೇಜುಗಳೊಡನೆ ಫಿಸಿಯೋಥೆರಪಿ ಕಾಲೇಜುಗಳನ್ನೂ ನಡೆಸುತ್ತಿವೆ. ದಾವಣಗೆರೆ, ಕಲಬುರಗಿ, ವಿಜಯಪುರಗಳಲ್ಲಿಯೂ ಬೋಧನಾ ಆಸ್ಪತ್ರೆಗಳಿವೆ. ಹೊರರೋಗಿ ವಿಭಾಗದಲ್ಲಿ "ಮಹಿಳಾ ವೈದ್ಯರೇ ಪರೀಕ್ಷಿಸಲಿ" ಎಂದು ಕೇಳಿಕೊಳ್ಳಲು ಸಂಕೋಚ ಬೇಡ. ಪರೀಕ್ಷೆಯ ವೇಳೆ ಮಗಳೋ ಸೊಸೆಯೋ ಜೊತೆಗಿರಲಿ ಎಂದೂ ಕೇಳಬಹುದು.

ತಪಾಸಣೆಗೆ ಅಂಜಬೇಕಾದುದಿಲ್ಲ. ವೈದ್ಯರು ಕೆಮ್ಮಿಸಿ ನೋಡುತ್ತಾರೆ. ಮೂತ್ರ ಪರೀಕ್ಷೆ ಮಾಡಿಸಿ ಸೋಂಕಿದೆಯೇ ಎಂದು ತಿಳಿಯುತ್ತಾರೆ. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆಯೆಂದು ಸ್ಕ್ಯಾನ್ ಮೂಲಕ ಅಳೆಯುವುದುಂಟು. ಹೋಗುವ ಮುನ್ನ ಮೂರು ದಿನ ಒಂದು ಹಾಳೆಯಲ್ಲಿ ಯಾವಾಗ, ಎಷ್ಟು ನೀರು ಕುಡಿದೆ, ಎಷ್ಟು ಸಲ ಮೂತ್ರಕ್ಕೆ ಹೋದೆ, ಯಾವಾಗ ಸೋರಿತು ಎಂದು ಬರೆದಿಟ್ಟುಕೊಂಡರೆ ಅರ್ಧ ರೋಗನಿರ್ಣಯ ಮನೆಯಲ್ಲಿಯೇ ಆದಂತೆ. ಬರೆಯಲು ಬಾರದ ತಾಯಿಗೆ ಮೊಮ್ಮಗಳು ಬರೆದುಕೊಡಲಿ.

ಮೊದಲ ಮದ್ದು ವ್ಯಾಯಾಮ

ಅಮೆರಿಕದ ಸ್ತ್ರೀರೋಗ ತಜ್ಞ ಡಾ. ಆರ್ನಾಲ್ಡ್ ಕೆಗೆಲ್ ಅವರು ಈ ಸ್ನಾಯುಗಳ ವ್ಯಾಯಾಮವನ್ನು ಕುರಿತು 1948ರಲ್ಲಿ ಬರೆದರು. ಆದಕಾರಣ ಇದಕ್ಕೆ ಕೆಗೆಲ್ ವ್ಯಾಯಾಮವೆಂದೇ ಹೆಸರು. 2018ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು 14 ದೇಶಗಳ 1,817 ಮಹಿಳೆಯರನ್ನೊಳಗೊಂಡ 31 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಒತ್ತಡಕ್ಕೆ ಮೂತ್ರ ಸೋರುವವರಲ್ಲಿ, ವ್ಯಾಯಾಮ ಮಾಡಿದವರ ಪೈಕಿ ಶೇ. 56ರಷ್ಟು ಮಂದಿ ಗುಣವಾಯಿತೆಂದು ಹೇಳಿದರೆ, ಮಾಡದವರಲ್ಲಿ ಹಾಗೆ ಹೇಳಿದವರು ಶೇ. 6 ಮಾತ್ರ. ಖರ್ಚಿಲ್ಲದ ಮದ್ದಿಗೆ ಇಷ್ಟು ಫಲ!

ಮಾಡುವ ಕ್ರಮ ಹೀಗಿದೆ. ಅಂಗಾತ ಮಲಗಿ ಮೊಣಕಾಲು ಮಡಚಿ, ಅಥವಾ ನೆಟ್ಟಗೆ ಕುಳಿತು, ವಾಯು ಹೊರಹೋಗದಂತೆ ತಡೆಯುವಾಗ ಬಿಗಿಯುವ ಸ್ನಾಯುವನ್ನು ಒಳಕ್ಕೂ ಮೇಲಕ್ಕೂ ಎಳೆದುಕೊಳ್ಳಬೇಕು. ಹೊಟ್ಟೆ, ತೊಡೆ, ಪೃಷ್ಠಗಳನ್ನು ಬಿಗಿಯಬಾರದು, ಉಸಿರನ್ನು ಕಟ್ಟಬಾರದು. ಮೊದಮೊದಲು ಮೂರು ನಾಲ್ಕು ಎಣಿಸುವಷ್ಟು ಹಿಡಿದು, ಅಷ್ಟೇ ಹೊತ್ತು ಸಡಿಲಿಸಿ, ಕ್ರಮೇಣ ಹತ್ತು ಎಣಿಸುವವರೆಗೆ ಬೆಳೆಸಬೇಕು. ಒಂದು ಸಲಕ್ಕೆ ಎಂಟು ಬಾರಿ, ದಿನಕ್ಕೆ ಮೂರು ಸಲವಾದರೂ ಮಾಡಬೇಕು. ಫಲ ಕಾಣಲು ಮೂರು ತಿಂಗಳು ಬೇಕು. ಹದಿನೈದು ದಿನ ಮಾಡಿ ಕೈಬಿಡುವವರೇ ಹೆಚ್ಚು. ಬೆಳಗಿನ ಪೂಜೆ, ಮಧ್ಯಾಹ್ನದ ವಿಶ್ರಾಂತಿ, ರಾತ್ರಿಯ ಪ್ರಾರ್ಥನೆ ಇವುಗಳ ಹಿಂದೆಯೋ ಮುಂದೆಯೋ ಜೋಡಿಸಿಕೊಂಡರೆ ಮರೆಯುವುದಿಲ್ಲ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಸರಿಯಲ್ಲ. ಮೂತ್ರಕೋಶ ಪೂರ್ತಿ ಬರಿದಾಗದೆ ತೊಂದರೆಯಾದೀತು. ಎಷ್ಟೋ ಮಂದಿ ಎಳೆದುಕೊಳ್ಳುವ ಬದಲು ಕೆಳಕ್ಕೆ ತಿಣುಕುತ್ತಾರೆ. ಅದರಿಂದ ಹಾನಿಯೇ ಹೆಚ್ಚು. ಆದಕಾರಣ ಒಮ್ಮೆಯಾದರೂ ತಿಳಿದವರ ಎದುರಿಗೆ ಕಲಿಯುವುದು ಒಳ್ಳೆಯದು.

ಅವಸರದ ಮೂತ್ರವುಳ್ಳವರು ಮೂತ್ರಕ್ಕೆ ಹೋಗುವ ಅಂತರವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹಿಗ್ಗಿಸುವ ಅಭ್ಯಾಸವನ್ನು ಆರು ವಾರಗಳಾದರೂ ಪಾಲಿಸಬೇಕು. ಚಹಾ, ಕಾಫಿ ಕಡಿಮೆ ಮಾಡಬೇಕು. ಸೋರುತ್ತದೆಂಬ ಭಯದಿಂದ ನೀರನ್ನೇ ಬಿಡುವುದು ದೊಡ್ಡ ತಪ್ಪು. ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲವೂ ಕಟ್ಟುತ್ತದೆ. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಮೊಳಕೆ ಕಾಳು, ಹಣ್ಣು ಇವು ಮಲಬದ್ಧತೆಗೆ ಮನೆಯ ಮದ್ದು. ಮೈತೂಕ ಹೆಚ್ಚಿದ್ದವರು ತುಸು ಇಳಿಸಿದರೂ ಸೋರಿಕೆ ಗಣನೀಯವಾಗಿ ತಗ್ಗುತ್ತದೆ.

ಜಾರಿದ ಗರ್ಭಕೋಶಕ್ಕೆ

ಗರ್ಭಕೋಶ ಜಾರಿದೆಯೆಂದೊಡನೆ ತೆಗೆಸಲೇಬೇಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಲ್ಪಸ್ವಲ್ಪ ಜಾರಿದ್ದರೆ ವ್ಯಾಯಾಮದಿಂದಲೇ ಉಪಶಮನ ದೊರೆಯಬಹುದು. ಹೆಚ್ಚಾಗಿದ್ದರೆ ರಿಂಗ್ ಪೆಸರಿ ಎಂಬ ಸಿಲಿಕೋನ್ ಬಳೆಯನ್ನು ಯೋನಿಯೊಳಗೆ ಇರಿಸಿ ಗರ್ಭಕೋಶಕ್ಕೆ ಆಸರೆ ಕೊಡುವ ಕ್ರಮವಿದೆ. ಹೃದ್ರೋಗ ಮೊದಲಾದ ಕಾರಣಗಳಿಂದ ಶಸ್ತ್ರಚಿಕಿತ್ಸೆ ಒಗ್ಗದ ವೃದ್ಧೆಯರಿಗೆ ಇದು ವರದಾನ. ವೈದ್ಯರು ಹೇಳಿದ ಅವಧಿಗೆ ತಪ್ಪದೆ ಹೋಗಿ ಶುಚಿ ಮಾಡಿಸಿಕೊಂಡು ಬರಬೇಕು. ಮರೆತು ವರ್ಷಗಟ್ಟಲೆ ಬಿಟ್ಟರೆ ಹುಣ್ಣಾಗುತ್ತದೆ.

ಶಸ್ತ್ರಚಿಕಿತ್ಸೆ ಅಗತ್ಯವಾದರೂ ಗರ್ಭಕೋಶವನ್ನು ಉಳಿಸಿಯೇ ಮೇಲಕ್ಕೆ ಕಟ್ಟುವ ವಿಧಾನಗಳುಂಟು. ಗೋವೆಯ ಶಿರೋಡೆಯಲ್ಲಿ 1899ರಲ್ಲಿ ಜನಿಸಿ, ಹುಬ್ಬಳ್ಳಿಯಲ್ಲಿ ಶಾಲೆ ಓದಿ, ಮುಂಬಯಿಯಲ್ಲಿ ಹೆಸರಾದ ಡಾ. ವಿಠಲ ನಾಗೇಶ ಶಿರೋಡ್ಕರ್ ಅವರು ಇನ್ನೂ ಮಕ್ಕಳು ಬೇಕಾದ ತರುಣಿಯರಿಗಾಗಿ ಇಂಥದೊಂದು ವಿಧಾನವನ್ನು ರೂಪಿಸಿದರು. ಅದು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ. ಗರ್ಭಕೋಶವನ್ನು ತೆಗೆಯಬೇಕಾದಾಗಲೂ ತೆಗೆದರಷ್ಟೇ ಸಾಲದು. ಸಡಿಲವಾದುದು ಆಧಾರ, ಆಧಾರವನ್ನು ಸರಿಪಡಿಸದೆ ಅಂಗವನ್ನು ಮಾತ್ರ ತೆಗೆದರೆ, ಮುಂದೆ ಯೋನಿಯ ಮೇಲ್ಭಾಗವೇ ಜಾರಿ ಬರಬಹುದು.

ಎಚ್ಚರಿಕೆಯ ಎರಡು ಮಾತುಗಳನ್ನು ಇಲ್ಲಿ ಹೇಳಲೇಬೇಕು. ಬಿಹಾರ, ಛತ್ತೀಸಗಡ, ರಾಜಸ್ಥಾನಗಳಲ್ಲಿ ಬಡ ಮಹಿಳೆಯರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ಪ್ರಕರಣಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದವು. ಇಂಥದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಎರಡನೆಯದು, ಜಾರುವಿಕೆಯನ್ನು ಸರಿಪಡಿಸಲು ಯೋನಿಯ ಮೂಲಕ ಅಳವಡಿಸುತ್ತಿದ್ದ ಪ್ಲಾಸ್ಟಿಕ್ ಬಲೆಯ ವಿಷಯ. ಅನೇಕರಿಗೆ ನೋವು ಮೊದಲಾದ ತೊಡಕುಗಳಾದ ಕಾರಣ, ಅದರ ಮಾರಾಟವನ್ನು ನಿಲ್ಲಿಸುವಂತೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2019ರ ಏಪ್ರಿಲ್‌ನಲ್ಲಿ ತಯಾರಕರಿಗೆ ಆಜ್ಞಾಪಿಸಿತು.

ಆದುದರಿಂದ ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ವೈದ್ಯರಲ್ಲಿ ವಿನಯದಿಂದ ಈ ಪ್ರಶ್ನೆಗಳನ್ನು ಕೇಳಿರಿ: ವ್ಯಾಯಾಮ ಅಥವಾ ಪೆಸರಿಯಿಂದ ಸಾಗದೇ? ಗರ್ಭಕೋಶವನ್ನು ಉಳಿಸಲು ಸಾಧ್ಯವೇ? ಆಧಾರವನ್ನು ಹೇಗೆ ಸರಿಪಡಿಸುವಿರಿ? ಬಲೆಯನ್ನು ಬಳಸುವಿರಾ? ಮರುಕಳಿಸುವ ಸಂಭವವೆಷ್ಟು? ಒಳ್ಳೆಯ ವೈದ್ಯರು ಇದರಿಂದ ಬೇಸರಗೊಳ್ಳುವುದಿಲ್ಲ. ಸಂಶಯವುಳಿದರೆ ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು. ಬಿ.ಪಿ.ಎಲ್. ಕುಟುಂಬದವರು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ಅನ್ವಯಿಸುವುದೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಬೇಕು.

ತಡಮಾಡಬಾರದ ಲಕ್ಷಣಗಳೂ ಕೆಲವಿವೆ. ಮೂತ್ರದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮೂತ್ರ ಕಟ್ಟಿಹೋಗುವುದು, ಹೊರಬಂದ ಭಾಗದ ಮೇಲೆ ಹುಣ್ಣು, ಕಾಲುಗಳಲ್ಲಿ ಹಠಾತ್ ಬಲಹೀನತೆ ಕಂಡರೆ ಕೂಡಲೇ ವೈದ್ಯರನ್ನು ಕಾಣಬೇಕು. ಕಷ್ಟದ ಹೆರಿಗೆಯ ಅಥವಾ ಗರ್ಭಕೋಶದ ಶಸ್ತ್ರಚಿಕಿತ್ಸೆಯ ಅನಂತರ ಹಗಲು ರಾತ್ರಿ ಎಡೆಬಿಡದೆ ಮೂತ್ರ ಹನಿಯುತ್ತಿದ್ದರೆ, ಮೂತ್ರಕೋಶಕ್ಕೂ ಯೋನಿಗೂ ನಡುವೆ ರಂಧ್ರವಾಗಿರುವ ಸಂಭವವುಂಟು. ಅದನ್ನು ವ್ಯಾಯಾಮ ಮುಚ್ಚದು. ಅನುಭವಿ ತಜ್ಞರ ಶಸ್ತ್ರಚಿಕಿತ್ಸೆಯೇ ಬೇಕು.

ಮನೆಯವರ ಹೊಣೆ

ಈ ರೋಗದ ತಡೆ ಬಾಣಂತನದಲ್ಲಿಯೇ ಆರಂಭವಾಗುತ್ತದೆ. ತವರಿನಲ್ಲಿ ಬಾಣಂತಿಗೆ ವಿಶ್ರಾಂತಿ ಕೊಡುವ ನಮ್ಮ ಹಿರಿಯರ ಪದ್ಧತಿ ಹಿತಕರವಾದುದು. ಆದರೆ ನೀರು ಕುಡಿಯಗೊಡದಿರುವ ರೂಢಿಯನ್ನು ಬಿಡಬೇಕು. ಅದರಿಂದ ಮಲಬದ್ಧತೆಯಾಗಿ, ಮೊದಲೇ ದಣಿದ ಸ್ನಾಯುಗಳ ಮೇಲೆ ತಿಣುಕಿನ ಭಾರ ಬೀಳುತ್ತದೆ. ಹೊಟ್ಟೆಗೆ ಬಟ್ಟೆ ಕಟ್ಟುವುದಾದರೆ ಬಿಗಿಯಾಗಿ ಕಟ್ಟುವುದು ಬೇಡ. ವೈದ್ಯರ ಸಲಹೆಯಂತೆ ಶ್ರೋಣಿತಳದ ವ್ಯಾಯಾಮವನ್ನು ಬಾಣಂತನದಲ್ಲಿಯೇ ಆರಂಭಿಸಬಹುದು. ಹೆರಿಗೆಯ ಮೊದಲ ತಿಂಗಳುಗಳಲ್ಲಿ ನೀರಿನ ಕೊಡ, ಕಾಳಿನ ಚೀಲ ಎತ್ತುವ ಕೆಲಸ ಗಂಡಸರದಾಗಲಿ. ಸೊಸೆಯ ಸೊಂಟವನ್ನು ಇಂದು ಕಾಯುವ ಅತ್ತೆ, ಅವಳ ಮುಂದಿನ ನಲವತ್ತು ವರ್ಷಗಳನ್ನು ಕಾದಂತೆ.

ಪತಿಯಾದವರು ಪತ್ನಿಯನ್ನು, ಮಕ್ಕಳಾದವರು ತಾಯಿಯನ್ನು ಏಕಾಂತದಲ್ಲಿ ಮೆಲ್ಲಗೆ ಕೇಳಿರಿ. "ಜಾತ್ರೆಗೆ ಬರದಿರಲು ಮೊಣಕಾಲೊಂದೇ ಕಾರಣವೇ?" ಎಂಬ ಒಂದು ಪ್ರಶ್ನೆ ಹಲವು ವರ್ಷಗಳ ಕಟ್ಟೆಯನ್ನು ಒಡೆಯಬಲ್ಲದು. ಉತ್ತರ ಬಂದಾಗ ನಗಬೇಡಿರಿ, ಮೂಗು ಮುರಿಯಬೇಡಿರಿ. ಮರುದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಕ್ಕನ ಬಳಗಗಳೂ ಮಹಿಳಾ ಮಂಡಳಗಳೂ ತಮ್ಮ ತಿಂಗಳ ಸಭೆಗೆ ಒಮ್ಮೆ ಸ್ತ್ರೀರೋಗ ತಜ್ಞೆಯನ್ನೂ ಫಿಸಿಯೋಥೆರಪಿಸ್ಟರನ್ನೂ ಆಹ್ವಾನಿಸಿ, ಬಾಗಿಲು ಮುಚ್ಚಿ, ಹೆಂಗಸರಷ್ಟೇ ಕುಳಿತು ಈ ವ್ಯಾಯಾಮವನ್ನು ಕಲಿಯಬಹುದು. ಅನ್ನದಾಸೋಹದಂತೆ ಇದೂ ಒಂದು ಅರಿವಿನ ದಾಸೋಹ.

ತಾಯಂದಿರಲ್ಲಿ ನಮ್ಮ ಬಿನ್ನಹ ಇಷ್ಟೇ: ನಿಮ್ಮ ಮೈ ಮೈಲಿಗೆಯಲ್ಲ, ನಿಮ್ಮ ರೋಗ ನಾಚಿಕೆಯದಲ್ಲ. ಮನೆ ಮಂದಿಗೆಲ್ಲ ಮದ್ದು ಮಾಡಿದ ಕೈ ಇನ್ನು ತನಗಾಗಿ ಒಂದು ಚೀಟಿ ಮಾಡಿಸಿ, ಸರದಿಯಲ್ಲಿ ನಿಲ್ಲಲಿ.